ಬಾಯಿ ಮುಚ್ಚಿದ ಸದ್ದು

ತುಟಿ ಬಿಚ್ಚಬಾರದು, ಅದೊಂದೇ ನಿಯಮ.
ಹಲ್ಲಿಗೆ ಹಲ್ಲು ಒತ್ತಿ, ಮೂಗಿನಿಂದ: ಗುಂಯ್.
ಸಾರ್ ಬೋರ್ಡಿನಿಂದ ತಿರುಗಿದರೆ
ನಲವತ್ತೊಂದು ಮುಚ್ಚಿದ ಬಾಯಿ,
ನಲವತ್ತೊಂದು ತೆರೆದ ಪುಸ್ತಕ.
ಯಾರನ್ನೆಂದು ಹಿಡಿಯುತ್ತಾರೆ?

ಹಾಜರಿಯಲ್ಲಿ ‘ಜೆ.ಕೆ. ದೊರೇಶ’ ಎನ್ನುತ್ತಲೇ ಶುರು.
ಅವನ ‘ಪ್ರೆಸೆಂಟ್ ಸಾರ್’ ಆ ಸದ್ದಿನೊಳಗೆ ಮುಳುಗಿ
ಎರಡು ಸಲ ಆಬ್ಸೆಂಟ್ ಬಿದ್ದಿತ್ತು,
ಮುಂದಿನ ಬೆಂಚಿನಲ್ಲೇ ಕೂತಿದ್ದವನಿಗೆ.
ಜೆ ಅಂದರೆ ಜೇನು. ಕೆ ಅಂದರೇನೆಂದು
ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ಗೋಣಿಕೊಪ್ಪದ ಮಕ್ಕಳಿಗೆ
ಅಕ್ಷರಕ್ಕಿಂತ ಮೊದಲು
ಇನಿಶಿಯಲ್ ಓದಲು ಬರುತ್ತದೆ.

ನಾನು ಮಾತ್ರ ಗುಂಯ್ ಅನ್ನಲಿಲ್ಲ.
ಹಲ್ಲಿಗೆ ಆಗಷ್ಟೇ ತಂತಿ ಕಟ್ಟಿಸಿದ್ದರು, ನೋಯುತ್ತಿತ್ತು.

ಹೂಮಳೆ ಬಿದ್ದ ಒಂಬತ್ತನೇ ದಿನ ತೋಟವೆಲ್ಲ ಬೆಳ್ಳಗೆ.
ಕಾಫಿ ಹೂವಿನ ವಾಸನೆಗೆ ತಲೆತಿರುಗಿ, ದಾರಿ ತಪ್ಪಿ
ಜೇನುಹುಳವೊಂದು ಎಂಟನೇ ಬಿ ಸೆಕ್ಷನ್ನಿಗೆ ನುಗ್ಗಿತು.
ಡೆಸ್ಕು ಹತ್ತಿದವರು, ಬ್ಯಾಗು ಬೀಸಿದವರು,
ಗುಂಯ್ ಎನ್ನುವುದರಲ್ಲಿ ಉಸ್ತಾದರೆಲ್ಲ ಬೆಂಚಿನಡಿ.
ದೊರೇಶ ಎದ್ದ. ಗಾಜಿಗೆ ಹಣೆ ಚಚ್ಚಿಕೊಳ್ಳುತ್ತಿದ್ದುದನ್ನು
ಎರಡೂ ಕೈ ಬಟ್ಟಲು ಮಾಡಿ ಮುಚ್ಚಿಕೊಂಡ,
ಕಿಟಕಿಯಾಚೆ ಚಾಚಿ ಬಿಚ್ಚಿದ.
ಅದು ಹಾರದೆ ಬೆರಳ ಮೇಲೇ ಕೂತಿತು.
ಬಿಸಿ ಹಾಲಿಗೆ ಊದುವ ಹಾಗೆ
ಊದಿದ, ಮೆಲ್ಲಗೆ.

ಅಷ್ಟರಲ್ಲಿ ಯಾರದೋ ಕದ್ದು ತಂದ ಮೊಬೈಲು.

ಸಂಜೆ ಗ್ರೂಪಿಗೆ ಫೋಟೊ ಬಂತು.
‘ಡ್ರಾಯಿಂಗಲ್ಲಿ ನೀನು ಫಸ್ಟಲ್ವಾ, ಸ್ಟಿಕರ್ ಮಾಡು’
ಅಂದಳು ದೇಚಮ್ಮ. ವರ್ಷವಿಡೀ ನನ್ನ ಜೊತೆ
ಮಾತೇ ಆಡದಿದ್ದ ದೇಚಮ್ಮ.
ಮಾಡಿದೆ. ಬೆರಳ ತುದಿಯಲ್ಲಿ ಅಂಚು ಬಿಡಿಸುತ್ತ ಹೋದೆ,
ಕಿವಿಯ ಹಿಂದೆ ನಿಧಾನ,
ಕೂದಲ ಸುರುಳಿಯಲ್ಲಿ ಇನ್ನೂ ನಿಧಾನ.
ಅಷ್ಟು ಹೊತ್ತು ಅವನ ಮುಖವನ್ನು
ಅವನಮ್ಮನ ಹೊರತು ಯಾರೂ ನೋಡಿರಲಿಕ್ಕಿಲ್ಲ.
ಕಿಟಕಿ ಬೇಡ. ಹುಳ ಬೇಡ.
ಕೈಗಳು ಚೌಕದೊಳಗೆ ಹಿಡಿಸಲಿಲ್ಲ, ತೆಗೆದುಬಿಟ್ಟೆ.
ಉಳಿದದ್ದು ಮೂತಿ, ಸುಮ್ಮನೆ ಗಾಳಿಗೆ
ಮುತ್ತು ಕೊಡಲು ಹೊರಟಂತೆ ಚಾಚಿದ ತುಟಿ.

ಕೆಳಗೆ ಯಾರೋ ಒಂದು ಸಾಲು ಬರೆದರು.
ಅದನ್ನು ಇಲ್ಲಿ ಹೇಳುವುದಿಲ್ಲ.

ರಾತ್ರಿ ಹನ್ನೊಂದರವರೆಗೆ ಊಟದ ಮೇಜಿನ ಮೇಲೆ ಅಮ್ಮನ ಫೋನು
ಗುಂಯ್, ಗುಂಯ್, ತಾನೇ ಸರಿಯುತ್ತ ಸರಿಯುತ್ತ
ಉಪ್ಪಿನಕಾಯಿ ಬಾಟಲಿಯವರೆಗೆ ಹೋಯಿತು.
‘ಏನೇ ಅದು ಅಷ್ಟೊಂದು?’
‘ನೋಟ್ಸಮ್ಮ.’

ದೊರೇಶನ ಬಳಿ ಫೋನಿರಲಿಲ್ಲ.
ಹಾಸ್ಟೆಲ್ಲಿನ ಅಡುಗೆಯವರು ತೋರಿಸಿದರಂತೆ,
‘ಲೋ, ಫೇಮಸ್ಸಾದೆ ಕಣೋ’ ಅಂತ, ಒಳ್ಳೆ ಮನಸ್ಸಿನಿಂದಲೇ.
ಮಾರನೆಯ ದಿನ ಬಂದ. ಪರೀಕ್ಷೆ ಬರೆದ. ಜೂನಿಗೂ ಬಂದ.
ಕುದಿಯುವ ಸಾರನ್ನು
ಊದದೆ ಕುಡಿಯುತ್ತಿದ್ದ.
ಕೈಲ್‌ಪೊಳ್ದ್ ರಜೆ ಮುಗಿದ ಮೇಲೆ ಬರಲಿಲ್ಲ.
ಅವನ ಹೆಸರಿನ ಮೇಲೊಂದು ಕೆಂಪು ಗೆರೆ.
ಹದಿನೇಳಿದ್ದ ನನ್ನ ರೋಲ್ ನಂಬರು
ಹದಿನಾರಾಯಿತು.

ಮೊನ್ನೆ, ಇಷ್ಟು ವರ್ಷದ ಮೇಲೆ,
ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದ ಗ್ರೂಪಿಗೆ
ಮಸ್ಕತ್ತಿನ ಯಾರೋ ನೆಂಟರು
‘ಕಂಗ್ರಾಟ್ಸ್’ ಜೊತೆ ಅವನನ್ನು ಕಳಿಸಿದರು.
ಇನ್ನೂ ಹದಿಮೂರರವನೇ. ತುಟಿಯೂ ಹಾಗೇ.
‘ಯಾರೇ ಇದು, ಎಷ್ಟು ಮುದ್ದಾಗಿದ್ದಾನೆ’ ಅಂದರು ಅತ್ತೆ.
ಯಾವ ಯಾವ ಕೈ ದಾಟಿ ಬಂದನೋ,
ಅಂಚು ಮಾತ್ರ ನೀಟಾಗಿತ್ತು,
ಒಂದು ಕೂದಲೂ ಹರಿದಿರಲಿಲ್ಲ.
ಅಳಿಸಿದೆ. ಅಳಿಸಿದರೆ ನನ್ನ ಫೋನಿನಲ್ಲಷ್ಟೇ.

ಪೆನ್ಸಿಲು ಹಿಡಿದು ಕೂತಿದ್ದೇನೆ.
ಗಾಜು ಬಂತು. ಹುಳದ ರೆಕ್ಕೆಯೂ ಬಂತು.
ಕೈಗಳು ಬರುತ್ತಿಲ್ಲ: ಬಟ್ಟಲಿನಲ್ಲಿ
ಎಡಗೈ ಮೇಲಿತ್ತೋ
ಬಲಗೈಯೋ.